ಲಕ್ವ ಹೊಡೆದ ತಂದೆಯ ಸಹಿಗೆ ಬೆಲೆ ಇದೆಯೇ?

ಪ್ರಶ್ನೆ: ನಾನು ಮದುವೆಯಾಗಿ ಮೈಸೂರಿನಲ್ಲಿದ್ದೇನೆ. ತವರು ಮಂಡ್ಯ ತಾಲ್ಲೂಕಿನ ಹಳ್ಳಿ. ತಂದೆಗೆ 74 ವರ್ಷ. ಹೋದ ವರ್ಷ ಲಕ್ವ ಹೊಡೆದು ಬಲಭಾಗ ಬಿದ್ದುಹೋಯಿತು, ಮಾತು ನಿಂತಿತು. ನಮ್ಮನ್ನೆಲ್ಲ ಗುರುತು ಹಿಡಿಯುತ್ತಾರೆ, ಆದರೆ ಒಂದೆರಡು ಪದ ಬಿಟ್ಟರೆ ಏನೂ ಹೇಳಲಾರರು. ಅವರು ಸ್ವಂತ ದುಡಿಮೆಯಲ್ಲಿ ಕೊಂಡ ಎರಡು ಎಕರೆ ನಾಲೆ ಬಯಲಿನ ಗದ್ದೆ ಅವರ ಹೆಸರಿನಲ್ಲೇ ಇದೆ. ಕಾಯಿಲೆ ಬೀಳುವುದಕ್ಕೆ ಎರಡು ವರ್ಷ ಮೊದಲು ತಮ್ಮನಿಗೆ ಜಿಪಿಎ (ಜನರಲ್ ಪವರ್ ಆಫ್ ಅಟಾರ್ನಿ) ಮಾಡಿಕೊಟ್ಟಿದ್ದರು. ಆಸ್ಪತ್ರೆಯಲ್ಲಿದ್ದಾಗ ತಮ್ಮ ಒಂದು ಛಾಪಾ ಕಾಗದದ ಮೇಲೆ ಅವರ ಹೆಬ್ಬೆಟ್ಟನ್ನೂ ಒತ್ತಿಸಿಕೊಂಡಿದ್ದಾನೆ. ಅದು ಗದ್ದೆ ಮಾರುವ ಕರಾರು ಎಂದು ಈಗ ಗೊತ್ತಾಗಿದೆ. ಕೇಳಿದರೆ, "ಅಪ್ಪನಿಗೆ ಬುದ್ಧಿ ಸ್ಥಿಮಿತದಲ್ಲಿಲ್ಲ, ಜಿಪಿಎ ಇದೆ, ಎಲ್ಲಾ ನಾನೇ ನೋಡ್ಕೋತೀನಿ" ಅಂತಾನೆ. ಕಾನೂನಿನ ದೃಷ್ಟಿಯಲ್ಲಿ ಅಸಮರ್ಥರು ಅಂದರೆ ಯಾರು? ಹೈಕೋರ್ಟಿಗೆ ಹೋಗಿ ನಾನೇ ತಂದೆಗೆ ಗಾರ್ಡಿಯನ್ ಆಗಬಹುದೇ? ಇನ್ನೊಂದು ವಿಚಾರ: ನಮ್ಮ ಅಣ್ಣ ಮೂರು ವರ್ಷದ ಹಿಂದೆ ತೀರಿಕೊಂಡರು. ಅಮ್ಮ ಅದಕ್ಕೂ ಮೊದಲೇ ಹೋದರು. ಅಣ್ಣ ತಾವೇ ಕೊಂಡ ಸೈಟು ಮಂಡ್ಯದಲ್ಲಿದೆ. ಅವರಿಗೆ ಒಬ್ಬನೇ ಮಗ, 16 ವರ್ಷ. ಅವನ ಓದಿಗಾಗಿ ಅತ್ತಿಗೆ ಆ ಸೈಟು ಮಾರಬೇಕೆಂದಿದ್ದಾರೆ. ಅತ್ತಿಗೆಯ ಸಹಿ ಸಾಕೇ?

ಉತ್ತರ: ನಿಮ್ಮ ತಮ್ಮ ಹೇಳುತ್ತಿರುವ ಎರಡು ಮಾತು ಒಟ್ಟಿಗೆ ನಿಲ್ಲುವುದಿಲ್ಲ. ಮೊದಲು ಅದನ್ನೇ ತೆಗೆದುಕೊಳ್ಳುತ್ತೇನೆ, ಏಕೆಂದರೆ ನಿಮ್ಮ ಗಾಬರಿ ಅರ್ಧ ಅಲ್ಲಿಗೇ ಇಳಿಯುತ್ತದೆ.

ಜಿಪಿಎ ಎಂದರೆ ತಂದೆಯವರು ತಮ್ಮ ಪರವಾಗಿ ಕೆಲಸ ಮಾಡಲು ಮಗನಿಗೆ ಕೊಟ್ಟ ಅಧಿಕಾರ. ಕೊಟ್ಟವರು ತೀರಿಕೊಂಡರೆ ಆ ಅಧಿಕಾರ ಮುಗಿಯುತ್ತದೆ ಎಂಬುದು ಊರಿನಲ್ಲಿ ಎಲ್ಲರಿಗೂ ಗೊತ್ತು. ಕೊಟ್ಟವರ ಬುದ್ಧಿ ಕೆಟ್ಟರೂ ಅದು ಮುಗಿಯುತ್ತದೆ ಎಂಬುದು ಹೆಚ್ಚು ಜನಕ್ಕೆ ಗೊತ್ತಿಲ್ಲ. 1872ರ ಭಾರತೀಯ ಕರಾರು ಅಧಿನಿಯಮದ 201ನೇ ಕಲಂ ಸಾವನ್ನೂ ಬುದ್ಧಿಭ್ರಮಣೆಯನ್ನೂ ಒಂದೇ ಸಾಲಿನಲ್ಲಿ ಇಟ್ಟಿದೆ. ಕೆಲವು ದೇಶಗಳಲ್ಲಿ, ನಾನು ಬುದ್ಧಿ ಕಳೆದುಕೊಂಡ ಮೇಲೂ ಇದು ನಡೆಯಲಿ ಎಂದು ಮೊದಲೇ ಬರೆದಿಡುವ ಅಧಿಕಾರ ಪತ್ರಗಳಿವೆ. ನಮ್ಮ ಕಾನೂನಿನಲ್ಲಿ ಮಾಮೂಲಿ ಜಿಪಿಎಗೆ ಆ ಶಕ್ತಿ ಇಲ್ಲ. ಹಾಗಾಗಿ ತಂದೆಯವರ ಬುದ್ಧಿ ನಿಜಕ್ಕೂ ಸ್ಥಿಮಿತದಲ್ಲಿ ಇಲ್ಲದಿದ್ದರೆ ಜಿಪಿಎ ಅಂದೇ ಸತ್ತಿದೆ. ಬುದ್ಧಿ ಸರಿಯಿದ್ದರೆ ಜಿಪಿಎ ಬದುಕಿದೆ. ಆದರೆ ಆಗ ತಂದೆಯವರೇ ಯಜಮಾನರು, ಬೇಡವೆಂದರೆ ಅದನ್ನು ರದ್ದು ಮಾಡಬಹುದು. ಎರಡರಲ್ಲಿ ಯಾವುದನ್ನು ಹಿಡಿದರೂ "ಎಲ್ಲಾ ನಾನೇ" ಎಂಬ ಮಾತಿಗೆ ಆಧಾರವಿಲ್ಲ. ಜಿಪಿಎ ಪಡೆದ ಏಜೆಂಟರಿಗೇ ಆ ಆಸ್ತಿಯಲ್ಲಿ ಹಿತಾಸಕ್ತಿ ಇದ್ದು, ಅದರ ರಕ್ಷಣೆಗಾಗಿ ಅಧಿಕಾರ ಕೊಟ್ಟಿದ್ದರೆ 202ನೇ ಕಲಮಿನಲ್ಲಿ ವಿನಾಯಿತಿ ಉಂಟು. ನೀವು ಬರೆದಿರುವುದರಲ್ಲಿ ಅಂಥದ್ದೇನೂ ಕಾಣುವುದಿಲ್ಲ. ಆದರೂ ಜಿಪಿಎಯ ದೃಢೀಕೃತ ನಕಲು ತೆಗೆಸಿ, ಪೂರ್ತಿ ಓದಿಸಿ.

ಈಗ ನಿಮ್ಮ ಮೂಲ ಪ್ರಶ್ನೆ. ಕರಾರು ಮಾಡಲು ಯಾರು ಸಮರ್ಥರು ಎಂಬುದನ್ನು ಅದೇ ಅಧಿನಿಯಮದ 11ನೇ ಕಲಂ ಹೇಳುತ್ತದೆ: ವಯಸ್ಕರಾಗಿರಬೇಕು, ಬುದ್ಧಿ ಸ್ವಸ್ಥವಾಗಿರಬೇಕು, ಬೇರೆ ಯಾವುದೇ ಕಾನೂನು ಅವರನ್ನು ಅನರ್ಹಗೊಳಿಸಿರಬಾರದು. ಮೂರನೆಯದು ದಿವಾಳಿ ಎಂದು ಘೋಷಿತರಾದವರಂಥ ಪ್ರಕರಣಗಳಿಗೆ ಸೇರಿದ್ದು, ನಿಮಗೆ ಸಂಬಂಧವಿಲ್ಲ. ಮೊದಲನೆಯದು ನಿಮ್ಮ ಅಣ್ಣನ ಮಗನದು, ಅದಕ್ಕೆ ಕೊನೆಯಲ್ಲಿ ಬರುತ್ತೇನೆ. ತಂದೆಯವರದು ಎರಡನೆಯದು.

ಸ್ವಸ್ಥ ಬುದ್ಧಿ ಎಂದರೇನು ಎಂಬುದನ್ನು 12ನೇ ಕಲಂ ಬಹಳ ಎಚ್ಚರದಿಂದ ಬರೆದಿದೆ. ಕರಾರು ಮಾಡುವ ಹೊತ್ತಿಗೆ ಆ ಕರಾರನ್ನು ಅರ್ಥಮಾಡಿಕೊಳ್ಳುವ ಶಕ್ತಿ ಇರಬೇಕು, ಅದರಿಂದ ತನ್ನ ಹಿತಕ್ಕೆ ಏನಾಗುತ್ತದೆ ಎಂದು ವಿವೇಚಿಸುವ ಶಕ್ತಿ ಇರಬೇಕು. ಇಷ್ಟೇ. ಈ ಕಲಂ ಕಾಯಿಲೆಯ ಹೆಸರು ಕೇಳುವುದಿಲ್ಲ, ವಯಸ್ಸು ಕೇಳುವುದಿಲ್ಲ, ನಡೆಯುತ್ತಾರಾ, ಮಾತಾಡುತ್ತಾರಾ ಎಂದೂ ಕೇಳುವುದಿಲ್ಲ. ಆ ಹೊತ್ತು, ಆ ಕಾಗದ, ಆ ವ್ಯಕ್ತಿಯ ತಿಳಿವಳಿಕೆ, ಈ ಮೂರನ್ನೇ ನೋಡುತ್ತದೆ. ಸಾಮಾನ್ಯವಾಗಿ ಬುದ್ಧಿ ಸರಿಯಿಲ್ಲದವರು ನಡುವೆ ತಿಳಿಯಾಗಿರುವ ಹೊತ್ತಿನಲ್ಲಿ ಮಾಡಿದ ಕರಾರು ಸಿಂಧು. ಸಾಮಾನ್ಯವಾಗಿ ಬುದ್ಧಿ ಸರಿಯಿರುವವರು ಜ್ವರ ನೆತ್ತಿಗೇರಿ ಬಡಬಡಿಸುವಾಗ, ಇಲ್ಲವೇ ಮೈಮೇಲೆ ಪ್ರಜ್ಞೆಯಿಲ್ಲದಷ್ಟು ಕುಡಿದಾಗ ಹಾಕಿದ ಸಹಿ ಅಸಿಂಧು. 1872ರಲ್ಲೇ ಕಾನೂನು ಇಷ್ಟು ಸೂಕ್ಷ್ಮವಾಗಿ ಯೋಚಿಸಿತ್ತು. ನಾವು ಮಾತ್ರ ಇವತ್ತಿಗೂ ಒಬ್ಬ ಮನುಷ್ಯನ ಹಣೆಗೆ "ತಲೆ ಕೆಟ್ಟಿದೆ" ಎಂದು ಚೀಟಿ ಅಂಟಿಸಿ ಅವರ ಗದ್ದೆಯ ಲೆಕ್ಕ ಹಾಕಲು ಕೂರುತ್ತೇವೆ. 2017ರ ಮಾನಸಿಕ ಆರೋಗ್ಯ ಆರೈಕೆ ಅಧಿನಿಯಮ ಒಂದು ಹೆಜ್ಜೆ ಮುಂದೆ ಹೋಗಿದೆ. ಮಾನಸಿಕ ಕಾಯಿಲೆ ಇದೆ ಎಂದ ಮಾತ್ರಕ್ಕೆ ಆ ವ್ಯಕ್ತಿಯ ಬುದ್ಧಿ ಅಸ್ವಸ್ಥ ಎಂದು ತೀರ್ಮಾನಿಸುವಂತಿಲ್ಲ, ಅದನ್ನು ಸಕ್ಷಮ ನ್ಯಾಯಾಲಯ ಹೇಳಬೇಕು ಎನ್ನುತ್ತದೆ. ತಮ್ಮ ಹೇಳಿದರೆ ಆಗದು, ಊರ ಪಂಚಾಯ್ತಿ ಹೇಳಿದರೂ ಆಗದು.

ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಒಂದು ಸಾಲು. ಬಲಭಾಗ ಬಿದ್ದುಹೋಗಿದೆ, ಮಾತು ನಿಂತಿದೆ, ಆದರೆ ಎಲ್ಲರನ್ನೂ ಗುರುತು ಹಿಡಿಯುತ್ತಾರೆ. ಹೆಚ್ಚಿನವರಲ್ಲಿ ಭಾಷೆಯ ಕೇಂದ್ರಗಳು ಇರುವುದು ಮಿದುಳಿನ ಎಡಭಾಗದಲ್ಲಿ. ದೇಹದ ಬಲಭಾಗವನ್ನು ಆಡಿಸುವುದೂ ಅದೇ ಎಡಭಾಗ. ಅದಕ್ಕೇ ಬಲಗೈ ಬಿದ್ದವರಲ್ಲಿ ಮಾತೂ ಹೋಗುವುದು ತುಂಬ ಸಾಮಾನ್ಯ. ವೈದ್ಯರು ಇದನ್ನು ಅಫೇಸಿಯಾ ಎನ್ನುತ್ತಾರೆ. ಕೆಲವರಿಗೆ ಹೇಳಿದ್ದೆಲ್ಲ ಅರ್ಥವಾಗುತ್ತದೆ, ಉತ್ತರದ ಪದ ಮಾತ್ರ ಬಾಯಿಗೆ ಬರುವುದಿಲ್ಲ. ಇನ್ನು ಕೆಲವರಿಗೆ ಕೇಳಿದ್ದು ಅರ್ಥವಾಗುವುದೇ ಕಷ್ಟ. ಹೊರಗಿನಿಂದ ನೋಡಿದರೆ ಎಷ್ಟೋ ಸಲ ಇಬ್ಬರೂ ಒಂದೇ ಥರ ಕಾಣುತ್ತಾರೆ. ಕಾನೂನಿನ ದೃಷ್ಟಿಯಲ್ಲಿ ಮೊದಲನೆಯವರು ಪೂರ್ತಿ ಸಮರ್ಥರು, ಎರಡನೆಯವರ ವಿಷಯದಲ್ಲಿ ಪರೀಕ್ಷೆ ಬೇಕು. ನಿಮ್ಮ ತಂದೆ ಯಾವ ಗುಂಪಿನವರು ಎಂದು ನಿಮ್ಮ ಮನೆಯಲ್ಲಿ ಇದುವರೆಗೆ ಯಾರೂ ಪರೀಕ್ಷೆ ಮಾಡಿಸಿದಂತಿಲ್ಲ.

ನೀವಿರುವ ಊರಿನಲ್ಲೇ, ಮಾನಸಗಂಗೋತ್ರಿಯಲ್ಲಿ, ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇದೆ. ಇಂಥ ರೋಗಿಗಳ ಮಾತು, ಗ್ರಹಿಕೆ ಎರಡನ್ನೂ ಕನ್ನಡದಲ್ಲೇ ಪರೀಕ್ಷಿಸುವ ತಜ್ಞರು ಅಲ್ಲಿದ್ದಾರೆ. ತಂದೆಯವರನ್ನು ಮೊದಲು ಅಲ್ಲಿಗೆ ಕರೆದುಕೊಂಡು ಹೋಗಿ. ಜೊತೆಗೆ ಒಬ್ಬ ನರರೋಗ ತಜ್ಞರಿಂದಲೋ ಮನೋವೈದ್ಯರಿಂದಲೋ ಲಿಖಿತ ವರದಿ ಪಡೆಯಿರಿ. ವರದಿಯಲ್ಲಿ "ಲಕ್ವ ಆಗಿದೆ" ಎಂದಷ್ಟೇ ಬರೆದರೆ ನ್ಯಾಯಾಲಯಕ್ಕೆ ಉಪಯೋಗವಿಲ್ಲ. ತನ್ನ ಗದ್ದೆ ಯಾವುದು, ಅದನ್ನು ಮಾರಿದರೆ ಏನಾಗುತ್ತದೆ, ಮಕ್ಕಳು ಯಾರು ಎಂಬುದು ಇವರಿಗೆ ತಿಳಿಯುತ್ತದೆಯೇ, ಅದನ್ನು ಹೇಗೆ ಪರೀಕ್ಷಿಸಿದೆವು ಎಂಬುದು ಇರಬೇಕು. ಆವತ್ತಿನ ದಿನಾಂಕ, ಸಮಯವೂ ಇರಲಿ.

ಮನೆಯಲ್ಲಿ ನೀವೇ ಮೊದಲು ಕೇಳಿ ನೋಡಬಹುದು. ತೀರ್ಮಾನಕ್ಕಾಗಿ ಅಲ್ಲ, ಒಂದು ಅಂದಾಜಿಗಾಗಿ. ಬೆಳಿಗ್ಗೆ ಹೊತ್ತು, ಗದ್ದಲ ಇಲ್ಲದಾಗ, ಟಿವಿ ಆರಿಸಿ, ಎದುರಿಗೆ ಕೂತು ಚಿಕ್ಕ ಪ್ರಶ್ನೆ ಕೇಳಿ. "ಅಪ್ಪಾ, ಗದ್ದೆ ಮಾರೋದಾ?" ಎಂದಾಗ ತಲೆಯಾಡಿಸಿದರೆ ಅಲ್ಲಿಗೇ ನಿಲ್ಲಿಸಬೇಡಿ. ಸ್ವಲ್ಪ ಹೊತ್ತು ಬಿಟ್ಟು "ಗದ್ದೆ ಉಳಿಸ್ಕೊಳ್ಳೋದಾ?" ಎಂದು ಕೇಳಿ. ಎರಡಕ್ಕೂ ಹೂಂ ಎಂದರೆ ಆ ಹೂಂ ಅನ್ನು ನಂಬುವಂತಿಲ್ಲ, ಏಕೆಂದರೆ ಅಫೇಸಿಯಾ ಇದ್ದವರಲ್ಲಿ ಹೌದು, ಇಲ್ಲ ಅದಲುಬದಲಾಗುವುದು ಮಾಮೂಲು. ಪಹಣಿ ಮುಂದಿಟ್ಟು ತೋರಿಸಲು ಹೇಳಿ. ಮಕ್ಕಳ ಫೋಟೋ ಸಾಲಾಗಿ ಇಟ್ಟು, ಗದ್ದೆ ಯಾರು ನೋಡಿಕೊಳ್ಳಲಿ ಎಂದು ಕೇಳಿ. ಎಡಗೈಯಿಂದ ತೋರಿಸುತ್ತಾರೆ. ಇನ್ನೊಂದು ದಿನ ಫೋಟೋಗಳ ಜಾಗ ಬದಲಿಸಿ ಅದನ್ನೇ ಕೇಳಿ. ಎರಡು ದಿನವೂ ಒಂದೇ ಉತ್ತರ ಬಂದರೆ ಅವರ ಮನಸ್ಸಿನಲ್ಲಿ ಒಂದು ನಿರ್ಧಾರ ಗಟ್ಟಿಯಾಗಿದೆ ಎಂದು ತಿಳಿಯಬಹುದು. ತಮ್ಮನ ಫೋಟೋವನ್ನೇ ತೋರಿಸಿದರೆ ಅದನ್ನೂ ಒಪ್ಪಿಕೊಳ್ಳಬೇಕಾಗುತ್ತದೆ, ಅಮ್ಮ. ಅವರು ಸ್ವಂತ ದುಡಿಮೆಯಲ್ಲಿ ಕೊಂಡ ಗದ್ದೆ, ಇಷ್ಟ ಬಂದವರಿಗೆ ಕೊಡುವ ಹಕ್ಕು ಅವರಿಗಿದೆ. ಪಿತ್ರಾರ್ಜಿತವಾಗಿದ್ದರೆ ಮಗಳಾಗಿ ನಿಮ್ಮ ಪಾಲಿನ ಮಾತು ಬೇರೆ ಇರುತ್ತಿತ್ತು.

ಆಸ್ಪತ್ರೆಯ ಹೆಬ್ಬೆಟ್ಟಿನ ವಿಚಾರ ಗಂಭೀರವಾದದ್ದು. ಲಕ್ವ ಹೊಡೆದ ಮೊದಲ ದಿನಗಳಲ್ಲಿ ರೋಗಿಗೆ ಮಂಪರು, ಗೊಂದಲ ಇರುವುದು ಸಾಮಾನ್ಯ. ವಯಸ್ಸಾದವರಲ್ಲಿ ರಕ್ತದ ಸೋಡಿಯಂ ಇಳಿದರೂ ಅದೇ ಗತಿ, ಮೂರು ದಿನ ಯಾರ ಗುರುತೂ ಸಿಗದೆ ನಾಲ್ಕನೇ ದಿನ ಸರಿಹೋಗುವುದೂ ಉಂಟು. ಆ ಹೊತ್ತಿನಲ್ಲಿ ಒತ್ತಿಸಿದ ಹೆಬ್ಬೆಟ್ಟು ಕರಾರಾಗುವುದಿಲ್ಲ. ಆದರೆ ಅದನ್ನು ಸಾಬೀತು ಮಾಡಬೇಕು. ಕಾನೂನು ಪ್ರತಿಯೊಬ್ಬರ ಬುದ್ಧಿಯೂ ಸರಿಯಿದೆ ಎಂದೇ ಆರಂಭಿಸುತ್ತದೆ, ಸರಿಯಿರಲಿಲ್ಲ ಎನ್ನುವವರು ಅದನ್ನು ತೋರಿಸಬೇಕು. ಅದಕ್ಕೆ ಆಸ್ಪತ್ರೆಯ ಕೇಸ್ ಶೀಟಿಗಿಂತ ದೊಡ್ಡ ಸಾಕ್ಷಿ ಇಲ್ಲ. ಡಿಸ್ಚಾರ್ಜ್ ಸಮ್ಮರಿ ಒಂದೇ ಸಾಲದು. ದಾದಿಯರು ಪಾಳಿಯ ಲೆಕ್ಕದಲ್ಲಿ ಬರೆದ ಟಿಪ್ಪಣಿ, ಪ್ರಜ್ಞೆಯ ಮಟ್ಟವನ್ನು 15ರವರೆಗಿನ ಅಂಕದಲ್ಲಿ ಗುರುತಿಸುವ ಜಿಸಿಎಸ್ ದಾಖಲೆ, ಕೊಟ್ಟ ಔಷಧಿಗಳ ಪಟ್ಟಿ ಎಲ್ಲವೂ ಬೇಕು. ರೋಗಿ ಅಥವಾ ಅವರ ಪರವಾಗಿ ಅಧಿಕಾರ ಪಡೆದವರು ಕೇಳಿದರೆ 72 ಗಂಟೆಯೊಳಗೆ ದಾಖಲೆ ಕೊಡಬೇಕು ಎಂದು 2002ರ ವೈದ್ಯಕೀಯ ಮಂಡಳಿಯ ನಿಯಮಾವಳಿ ಹೇಳುತ್ತದೆ. ಒಳರೋಗಿಗಳ ದಾಖಲೆ ಇಟ್ಟುಕೊಳ್ಳಬೇಕಾದ ಅವಧಿ ಅದರಲ್ಲಿ ಮೂರು ವರ್ಷ. ಈಗಾಗಲೇ ಒಂದು ವರ್ಷ ಕಳೆದಿದೆ, ತಡಮಾಡಬೇಡಿ. ಛಾಪಾ ಕಾಗದ ಕೊಂಡ ದಿನ, ಬರೆದ ದಿನ, ಆ ದಿನದ ಕೇಸ್ ಶೀಟು, ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿ. ಬಲಗೈ ಬಿದ್ದುಹೋದವರ ಹೆಬ್ಬೆಟ್ಟು ಯಾವ ಕೈಯದು ಎಂದೂ ನೋಡಿ. ಬಲಗೈಯದಾದರೆ ಆ ಕೈಯನ್ನು ಎತ್ತಿ ಕಾಗದದ ಮೇಲೆ ಒತ್ತಿಸಿದವರು ಯಾರು ಎಂಬ ಪ್ರಶ್ನೆಗೆ ತಮ್ಮನೇ ಉತ್ತರ ಹೇಳಬೇಕಾಗುತ್ತದೆ.

ಬುದ್ಧಿ ಆಗ ಪೂರ್ತಿ ಹೋಗಿತ್ತು ಎಂದು ತೋರಿಸಲಾಗದಿದ್ದರೂ ಇನ್ನೊಂದು ದಾರಿಯಿದೆ. ವಯಸ್ಸು, ಕಾಯಿಲೆ, ಸಂಕಟದಿಂದ ಮನಸ್ಸು ಕುಗ್ಗಿದವರ ಮೇಲೆ, ಅವರನ್ನು ನೋಡಿಕೊಳ್ಳುವವರು ಒತ್ತಡ ತಂದು ಲಾಭ ಪಡೆದರೆ ಅದು ಕರಾರು ಅಧಿನಿಯಮದ 16ನೇ ಕಲಮಿನ ಅನುಚಿತ ಪ್ರಭಾವ. ಅಲ್ಲಿ ವ್ಯವಹಾರ ಮೇಲ್ನೋಟಕ್ಕೇ ಅನ್ಯಾಯ ಎಂದು ಕಂಡರೆ, ಪ್ರಭಾವ ಬೀರಿಲ್ಲ ಎಂದು ಸಾಬೀತು ಮಾಡುವ ಹೊರೆ ಮೇಲುಗೈ ಇದ್ದವರ ಮೇಲೆಯೇ ಬೀಳುತ್ತದೆ. ಎರಡು ದಾರಿಗೂ ಒಂದು ವ್ಯತ್ಯಾಸವಿದೆ. ಬುದ್ಧಿ ಇಲ್ಲದಾಗ ಮಾಡಿದ ಕರಾರು ಮೊದಲಿನಿಂದಲೇ ಅಸಿಂಧು. ಪ್ರಭಾವದಿಂದ ಮಾಡಿಸಿದ್ದು, ರದ್ದು ಮಾಡಿಸುವವರೆಗೆ ಸಿಂಧು.

ಆ ಛಾಪಾ ಕಾಗದದಿಂದ ಗದ್ದೆ ಯಾರಿಗೂ ಹೋಗಿಲ್ಲ. ಜಮೀನು ಕೈ ಬದಲಾಗಲು ನೋಂದಾಯಿತ ಕ್ರಯಪತ್ರ ಬೇಕು. ಅಪಾಯ ಇರುವುದು ಮುಂದೆ, ನಿಮ್ಮ ತಮ್ಮ ಜಿಪಿಎ ಹಿಡಿದು ಕ್ರಯಪತ್ರ ಮಾಡಿಕೊಟ್ಟರೆ. ಜಿಪಿಎ ಮುಗಿದ ವಿಚಾರ ಗೊತ್ತಿಲ್ಲದ ಮೂರನೆಯವರಿಗೆ ಕರಾರು ಅಧಿನಿಯಮದ 208ನೇ ಕಲಮಿನಲ್ಲಿ ರಕ್ಷಣೆ ಇದೆ. ಆದ್ದರಿಂದ ಕೊಳ್ಳಲು ಬಂದವರಿಗೆ ವಿಷಯ ಗೊತ್ತಿರಬೇಕು. ತಮ್ಮನಿಗೂ ಖರೀದಿದಾರರಿಗೂ ವಕೀಲರ ಮೂಲಕ ನೋಟಿಸ್, ಸ್ಥಳೀಯ ಪತ್ರಿಕೆಯಲ್ಲಿ ಸಾರ್ವಜನಿಕ ಪ್ರಕಟಣೆ, ಸಬ್ ರಿಜಿಸ್ಟ್ರಾರ್ ಕಚೇರಿಗೆ ಲಿಖಿತ ತಕರಾರು, ಮೂರೂ ಮಾಡಿ. ತಕರಾರು ಕೊಟ್ಟ ಕೂಡಲೇ ನೋಂದಣಿ ನಿಲ್ಲುತ್ತದೆ ಎಂದು ನಮ್ಮ ಕಡೆ ಜನ ನಂಬಿದ್ದಾರೆ, ಅದು ನಿಜವಲ್ಲ. ಸಹಿ ಹಾಕಲು ಬಂದವರು ಅಪ್ರಾಪ್ತರು ಅಥವಾ ಬುದ್ಧಿ ಇಲ್ಲದವರು ಎಂದು ಕಂಡರೆ ನೋಂದಣಿ ನಿರಾಕರಿಸುವ ಅಧಿಕಾರ ಅಧಿಕಾರಿಗೆ 1908ರ ನೋಂದಣಿ ಅಧಿನಿಯಮದ 35ನೇ ಕಲಮಿನಲ್ಲಿದೆ, ಆದರೆ ಜಿಪಿಎದಾರ ಬಂದು ನಿಂತಾಗ ತಂದೆಯವರ ಮುಖವನ್ನೇ ಅವರು ನೋಡುವುದಿಲ್ಲ. ಗಟ್ಟಿಯಾಗಿ ತಡೆಯುವುದು ಸಿವಿಲ್ ನ್ಯಾಯಾಲಯದ ತಡೆಯಾಜ್ಞೆ ಮಾತ್ರ. ವಕೀಲರ ಖರ್ಚು ಕಷ್ಟವಾದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಮಹಿಳೆಯರಿಗೂ ಅಂಗವಿಕಲರಿಗೂ ಅಲ್ಲಿ ಆದಾಯ ನೋಡದೆ ಉಚಿತ ನೆರವು ಸಿಗುತ್ತದೆ, ಅಂದರೆ ನಿಮಗೂ ತಂದೆಯವರಿಗೂ.

ಪರೀಕ್ಷೆಯಲ್ಲಿ ತಂದೆಯವರಿಗೆ ಎಲ್ಲ ತಿಳಿಯುತ್ತದೆ ಎಂದು ಬಂದರೆ ದಾರಿ ಸಲೀಸು. ಅವರೇ ಜಿಪಿಎ ರದ್ದತಿ ಪತ್ರಕ್ಕೆ ಎಡಗೈ ಹೆಬ್ಬೆಟ್ಟು ಒತ್ತಬಹುದು. ಕಚೇರಿಗೆ ಬರಲಾಗದವರ ಮನೆಗೆ ನೋಂದಣಾಧಿಕಾರಿ ಬರುವ ಅವಕಾಶ ನೋಂದಣಿ ಅಧಿನಿಯಮದಲ್ಲೇ ಇದೆ. ಹೆಬ್ಬೆಟ್ಟು ಒತ್ತುವ ಮುನ್ನ ಕಾಗದವನ್ನು ಓದಿ ಹೇಳುವುದನ್ನೂ ಅವರು ಉತ್ತರಿಸುವುದನ್ನೂ ವಿಡಿಯೋ ಮಾಡಿಸಿ. ಆ ಹೊತ್ತಿನಲ್ಲಿ ನೀವು ಕೋಣೆಯಲ್ಲಿ ಇರಬೇಡಿ. ಇದು ನನ್ನ ಕಳಕಳಿಯ ಮಾತು. ಇದಕ್ಕೆ ಮೈಸೂರು ಹೈಕೋರ್ಟಿನಿಂದ ಸುಪ್ರೀಂ ಕೋರ್ಟಿಗೆ ಹೋದ ಒಂದು ಹಳೆಯ ಮೊಕದ್ದಮೆಯೇ ಆಧಾರ. ಎಚ್. ವೆಂಕಟಾಚಲ ಅಯ್ಯಂಗಾರ್ ವಿರುದ್ಧ ಬಿ.ಎನ್. ತಿಮ್ಮಜಮ್ಮ ಎಂಬ ಆ ಪ್ರಕರಣ 1959ರ ವರದಿಗಳಲ್ಲಿದೆ, ವಿಲ್ ವ್ಯಾಜ್ಯಗಳಲ್ಲಿ ಇವತ್ತಿಗೂ ದೇಶದ ಎಲ್ಲ ನ್ಯಾಯಾಲಯಗಳೂ ಅದನ್ನು ಉಲ್ಲೇಖಿಸುತ್ತವೆ. ವಿಲ್‌ನಿಂದ ಲಾಭ ಪಡೆಯುವವರೇ ಅದನ್ನು ಬರೆಸುವುದರಲ್ಲಿ ಮುಂದೆ ನಿಂತಿದ್ದರೆ ಅದು ಸಂಶಯಾಸ್ಪದ ಸನ್ನಿವೇಶ, ಆ ಸಂಶಯವನ್ನು ತೊಡೆಯುವ ಹೊಣೆ ವಿಲ್ ತಂದವರದೇ ಎಂದು ಸುಪ್ರೀಂ ಕೋರ್ಟ್ ಅಲ್ಲಿ ಹೇಳಿತು. ತಂದೆಯವರು ವಿಲ್ ಮಾಡುವ ಮನಸ್ಸು ತೋರಿದರೂ ಈ ಎಚ್ಚರವೇ ಬೇಕು.

ನೀವೇ ಗಾರ್ಡಿಯನ್ ಆಗುವ ಮಾತಿಗೆ ಬರೋಣ. ಸದ್ಯಕ್ಕೆ ಬೇಡ ಎನ್ನುತ್ತೇನೆ. ತಂದೆಯವರಿಗೆ ಬುದ್ಧಿಯಿಲ್ಲ ಎಂದು ನಿಮ್ಮ ತಮ್ಮ ಬಾಯಲ್ಲಿ ಹೇಳುತ್ತಿರುವುದನ್ನೇ ನೀವು ಅರ್ಜಿಯಲ್ಲಿ ಬರೆದುಕೊಟ್ಟಂತಾಗುತ್ತದೆ. ಎಲ್ಲ ತಿಳಿಯುವ ಮನುಷ್ಯನನ್ನು ಎದುರಿಗೆ ಕೂರಿಸಿಕೊಂಡು, ಇವರಿಗೆ ಏನೂ ತಿಳಿಯದು ಎಂದು ಮಕ್ಕಳಿಬ್ಬರೂ ವಾದಿಸುವುದು ನಡೆಯಬಾರದು. ಪರೀಕ್ಷೆಯಲ್ಲಿ ಗ್ರಹಿಕೆಯೇ ಹೋಗಿದೆ ಎಂದು ಬಂದರೆ ಮಾತ್ರ ಆ ದಾರಿ. 1987ರ ಮಾನಸಿಕ ಆರೋಗ್ಯ ಅಧಿನಿಯಮದಲ್ಲಿ ಜಿಲ್ಲಾ ನ್ಯಾಯಾಲಯವೇ ವಿಚಾರಣೆ ನಡೆಸಿ ಆಸ್ತಿಗೆ ವ್ಯವಸ್ಥಾಪಕರನ್ನು ನೇಮಿಸುವ ಅಧ್ಯಾಯವಿತ್ತು. 2017ರ ಕಾನೂನು ಬಂದಾಗ ಅದು ಹೋಯಿತು, ಅದರ ಜಾಗಕ್ಕೆ ಬೇರೇನೂ ಬರಲಿಲ್ಲ. ಸಾವಿರಾರು ಮನೆಗಳಿಗೆ ಬೇಕಾದ ಈ ಏರ್ಪಾಡನ್ನು ಸಂಸತ್ತು ಖಾಲಿ ಬಿಟ್ಟಿರುವುದು ದೊಡ್ಡ ಕೊರತೆ. ಆ ಖಾಲಿಯನ್ನು ಹೈಕೋರ್ಟುಗಳು ಸಂವಿಧಾನದ 226ನೇ ವಿಧಿಯಡಿ ತುಂಬುತ್ತಿವೆ. ಕೋಮಾದಲ್ಲಿರುವವರ ವಿಚಾರದಲ್ಲಿ ಕೇರಳ ಹೈಕೋರ್ಟ್ 2019ರಲ್ಲಿ ಮಾರ್ಗಸೂಚಿ ಕೊಟ್ಟಿತು: ವೈದ್ಯಕೀಯ ಮಂಡಳಿಯ ವರದಿ, ಕಂದಾಯ ಅಧಿಕಾರಿಯ ಪರಿಶೀಲನೆ, ಎಲ್ಲ ವಾರಸುದಾರರ ವಿವರ, ನೇಮಕವಾದವರು ನಿಯತವಾಗಿ ಕೊಡಬೇಕಾದ ಲೆಕ್ಕ. 2016ರ ಅಂಗವಿಕಲರ ಹಕ್ಕುಗಳ ಅಧಿನಿಯಮದ 14ನೇ ಕಲಮಿನಲ್ಲಿ ಸೀಮಿತ ಪಾಲಕತ್ವ ಎಂಬುದಿದೆ. ಪಾಲಕರು ಆ ವ್ಯಕ್ತಿಯ ಜೊತೆ ಸೇರಿ, ಅವರ ಇಚ್ಛೆಗೆ ಅನುಗುಣವಾಗಿ, ಗೊತ್ತಾದ ವಿಷಯ ಮತ್ತು ಅವಧಿಗೆ ಮಾತ್ರ ತೀರ್ಮಾನ ಮಾಡುತ್ತಾರೆ. ಅಲ್ಪಸ್ವಲ್ಪ ತಿಳಿಯುವ ತಂದೆಯವರಿಗೆ ಇದೇ ಹೆಚ್ಚು ಗೌರವದ ದಾರಿ. ಇನ್ನು ತಂದೆಯವರ ಪರವಾಗಿ ದಾವಾ ಹೂಡಲು ಇಷ್ಟೆಲ್ಲ ಬೇಕಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 32ನೇ ಆದೇಶದಲ್ಲಿ, ನ್ಯಾಯಾಲಯ ವಿಚಾರಣೆ ಮಾಡಿ ಇವರು ತಮ್ಮ ಹಿತ ಕಾಯ್ದುಕೊಳ್ಳಲಾರರು ಎಂದು ಕಂಡುಕೊಂಡರೆ ಆಪ್ತರೊಬ್ಬರು ಅವರ ಪರವಾಗಿ ನಡೆಸಬಹುದು. ಅಂಥ ದಾವಾದಲ್ಲಿ ನ್ಯಾಯಾಲಯದ ಅನುಮತಿಯಿಲ್ಲದೆ ರಾಜಿ ಮಾಡಿಕೊಳ್ಳುವಂತಿಲ್ಲ.

ಔಷಧಿ, ಊಟ, ದಿನದ ಖರ್ಚಿಗೆ ಬ್ಯಾಂಕಿನಿಂದ ದುಡ್ಡು ತೆಗೆಯಲು ಗಾರ್ಡಿಯನ್ ಬೇಕಿಲ್ಲ. ಸಹಿ ಹಾಕಲಾಗದ ಖಾತೆದಾರರ ಹೆಬ್ಬೆಟ್ಟು ಅಥವಾ ಕಾಲಿನ ಹೆಬ್ಬೆಟ್ಟಿನ ಗುರುತನ್ನು, ಇಬ್ಬರು ಸ್ವತಂತ್ರ ಸಾಕ್ಷಿಗಳ ಮುಂದೆ ಪಡೆದು ಹಣ ಕೊಡಬೇಕೆಂದು ರಿಸರ್ವ್ ಬ್ಯಾಂಕಿನ ಸೂಚನೆಯೇ ಇದೆ. ಸಾಕ್ಷಿಗಳಲ್ಲಿ ಒಬ್ಬರು ಜವಾಬ್ದಾರಿಯುತ ಬ್ಯಾಂಕ್ ಅಧಿಕಾರಿಯಾಗಿರಬೇಕು. ನೀವು ಕೈಯಿಂದ ಹಾಕಿದ ಆಸ್ಪತ್ರೆ ಖರ್ಚಿನ ರಸೀದಿಗಳನ್ನು ಎಸೆಯಬೇಡಿ. ಅಸಮರ್ಥರಾದವರಿಗೆ ಜೀವನಾವಶ್ಯಕ ವಸ್ತು, ಸೇವೆ ಒದಗಿಸಿದವರು ಅವರ ಆಸ್ತಿಯಿಂದ ಅದನ್ನು ವಾಪಸು ಪಡೆಯಬಹುದು ಎಂದು ಕರಾರು ಅಧಿನಿಯಮದ 68ನೇ ಕಲಂ ಹೇಳುತ್ತದೆ.

ಕೊನೆಗೆ ಅಣ್ಣನ ಮಗ. 18 ತುಂಬದವರು ಮಾಡಿದ ಕರಾರು ಅಸಿಂಧು, ಇದು 1903ರಲ್ಲಿ, ಬ್ರಿಟಿಷರ ಕಾಲದ ಅತ್ಯುನ್ನತ ನ್ಯಾಯಪೀಠವಾಗಿದ್ದ ಪ್ರಿವಿ ಕೌನ್ಸಿಲ್ ಮೊಹೊರಿ ಬೀಬಿ ಪ್ರಕರಣದಲ್ಲಿ ಹೇಳಿದಾಗಿನಿಂದ ಕದಲದೆ ನಿಂತಿದೆ. ಸೈಟು ಅಣ್ಣನ ಸ್ವಯಾರ್ಜಿತ, ನಿಮ್ಮ ತಾಯಿಯವರು ಮೊದಲೇ ಹೋಗಿರುವುದರಿಂದ ಅತ್ತಿಗೆಗೆ ಅರ್ಧ, ಹುಡುಗನಿಗೆ ಅರ್ಧ. ತನ್ನ ಅರ್ಧವನ್ನು ಅತ್ತಿಗೆ ಮಾರಬಹುದು. ಹುಡುಗನ ಅರ್ಧಕ್ಕೆ ತಾಯಿಯ ಸಹಿ ಸಾಲದು. 1956ರ ಹಿಂದೂ ಅಪ್ರಾಪ್ತ ವಯಸ್ಕತೆ ಮತ್ತು ಪಾಲಕತ್ವ ಅಧಿನಿಯಮದ 8ನೇ ಕಲಂ ಪ್ರಕಾರ ಹೆತ್ತ ತಾಯಿಯಾದರೂ ಮೊದಲು ನ್ಯಾಯಾಲಯದ ಅನುಮತಿ ಪಡೆಯಬೇಕು. ಅಗತ್ಯ ಇದೆ ಅಥವಾ ಮಗುವಿಗೆ ಸ್ಪಷ್ಟ ಲಾಭವಿದೆ ಎಂದು ತೋರಿಸಬೇಕು. ಓದಿನ ಖರ್ಚು ಒಪ್ಪುವಂಥ ಕಾರಣವೇ. ಕಾಲೇಜಿನ ಶುಲ್ಕದ ಪತ್ರ, ಸೈಟಿನ ಬೆಲೆಯ ಅಂದಾಜು, ಅತ್ತಿಗೆಯ ಆದಾಯದ ವಿವರ ಜೊತೆಗಿಟ್ಟು ಅರ್ಜಿ ಹಾಕಲಿ. ಹಣವನ್ನು ಹುಡುಗನ ಹೆಸರಿನಲ್ಲಿ ಠೇವಣಿ ಇಡಿ ಎಂದು ನ್ಯಾಯಾಲಯ ಷರತ್ತು ಹಾಕುವುದು ಸಾಮಾನ್ಯ. ಅನುಮತಿಯಿಲ್ಲದೆ ಮಾರಿದರೆ ಹುಡುಗ 18 ತುಂಬಿದ ಮೇಲೆ ಮೂರು ವರ್ಷದೊಳಗೆ ಆ ಮಾರಾಟವನ್ನು ತಳ್ಳಿಹಾಕಬಹುದು. ಅದಕ್ಕೆ ದಾವಾ ಹೂಡಲೇಬೇಕೆಂದಿಲ್ಲ, ತನ್ನ ನಡೆಯಿಂದ ಸ್ಪಷ್ಟವಾಗಿ ನಿರಾಕರಿಸಿದರೂ ಸಾಕು ಎಂದು 2025ರಲ್ಲಿ ದಾವಣಗೆರೆಯ ನಿವೇಶನವೊಂದರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ತಿಳಿವಳಿಕೆಯುಳ್ಳ ಖರೀದಿದಾರರು ಅಂಥ ಸೈಟಿಗೆ ಪೂರ್ತಿ ಬೆಲೆ ಕೊಡುವುದಿಲ್ಲ, ನಷ್ಟ ಹುಡುಗನಿಗೇ. ಪಿಯುಸಿ ಮುಗಿಯುವವರೆಗಿನ ಖರ್ಚನ್ನು ನೀವೆಲ್ಲ ಸೇರಿ ಹೇಗಾದರೂ ನಿಭಾಯಿಸುವಂತಿದ್ದರೆ ಅರ್ಜಿಯ ಅಲೆದಾಟವೇ ಬೇಡ. ಎರಡು ವರ್ಷ ತಡೆದು, ಮಾರಬೇಕೋ ಬೇಡವೋ ಎಂದು ಅವನನ್ನೇ ಕೇಳಿ, ಬೇಕೆಂದರೆ ಅವನೂ ತಾಯಿಯೂ ಒಟ್ಟಿಗೆ ಹೋಗಿ ಕ್ರಯಪತ್ರಕ್ಕೆ ಸಹಿ ಹಾಕಲಿ.